ಮಳೆಯಲ್ಲಿ ಹರವಿದ ಅಂಗಿ

ಸಾಂತಾಕ್ರೂಜ್‌ನ ನಮ್ಮ ಬಿಲ್ಡಿಂಗಿನಲ್ಲಿ ನಾಳೆ ಮಳೆ ಬರುತ್ತದೋ ಇಲ್ಲವೋ ತಿಳಿಯಬೇಕಾದರೆ ಜನ ರೇಡಿಯೋ ಹಾಕುತ್ತಿರಲಿಲ್ಲ, ನಮ್ಮ ಅವ್ವನನ್ನು ಕೇಳುತ್ತಿದ್ದರು. ಮೆಟ್ಟಿಲ ಮೇಲೆ, ಹಾಲಿನ ಬೂತಿನ ಹತ್ತಿರ, ತರಕಾರಿ ಗಾಡಿಯ ಮುಂದೆ, ಎಲ್ಲಿ ಸಿಕ್ಕರೂ ಅದೇ ಪ್ರಶ್ನೆ. "ಭಾಭೀ, ಕಲ್ ಬಾರಿಶ್ ಹೋಗೀ ಕ್ಯಾ?" ಅವ್ವ ಸೆರಗು ಸರಿಮಾಡಿಕೊಂಡು, ಒಂದು ಗಳಿಗೆ ಆಕಾಶ ನೋಡಿ, ಗಂಭೀರವಾಗಿ ಉತ್ತರ ಕೊಡುತ್ತಿದ್ದಳು. ಯಾಕೆಂದರೆ ನಮ್ಮಪ್ಪ ಹವಾಮಾನ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದರು.

ಮಾಡುತ್ತಿರಲಿಲ್ಲ. ಅಪ್ಪ ಇದ್ದದ್ದು ಗುಪ್ತಚರ ಖಾತೆಯಲ್ಲಿ. ಹವಾಮಾನ ಆಫೀಸು ಅನ್ನುವುದು ನೆರೆಹೊರೆಯವರಿಗೆ ಹೇಳಲಿಕ್ಕೆಂದು ಅವರೇ ಆರಿಸಿಕೊಂಡ ಸುಳ್ಳು. ಆ ಆಫೀಸು ವಿಮಾನ ನಿಲ್ದಾಣದ ಬಗಲಿಗೆ, ಮನೆಯಿಂದ ಹತ್ತಿರ. ಪಾಳಿಯ ಕೆಲಸ ಅಂದುಬಿಟ್ಟರೆ ಹೊತ್ತುಗೊತ್ತಿಲ್ಲದೆ ಹೋಗಿಬರುವುದಕ್ಕೂ ಕಾರಣ ಸಿಕ್ಕಿತು. ಅಪ್ಪ ಭಾರೀ ತಲೆ ಓಡಿಸಿದ್ದರು, ಒಪ್ಪಿಕೊಳ್ಳೋಣ. ಆದರೆ ಮುಂಬೈಯಲ್ಲಿ ನಾಲ್ಕು ತಿಂಗಳು ಮಳೆಯ ಹೊರತು ಬೇರೆ ಮಾತೇ ಇರುವುದಿಲ್ಲ, ಆ ಮಾತಿಗೆಲ್ಲ ಉತ್ತರ ಕೊಡಬೇಕಾದವಳು ಮನೆಯಲ್ಲಿರುವ ಹೆಂಡತಿ, ಇದು ಮಾತ್ರ ಆ ತಲೆಗೆ ಹೊಳೆದಿರಲಿಲ್ಲ.

ಅವ್ವ ಏನು ಮಾಡಬೇಕು ಪಾಪ? ಧಾರವಾಡದಿಂದ ಮದುವೆಯಾಗಿ ಬಂದವಳು, ಸಮುದ್ರವನ್ನೇ ಅಲ್ಲಿಯವರೆಗೆ ಕಂಡಿರಲಿಲ್ಲ. ಬೆಳಿಗ್ಗೆ ರೇಡಿಯೋವನ್ನು ಪಕ್ಕದ ಮನೆಗೆ ಕೇಳಿಸದಷ್ಟು ಸಣ್ಣಗೆ ಹಚ್ಚಿ, ಕಿವಿ ಅದಕ್ಕೆ ಅಂಟಿಸಿಕೊಂಡು ಹವಾಮಾನ ವರದಿ ಕೇಳುತ್ತಿದ್ದಳು. ಹವಾಮಾನ ಆಫೀಸಿನವನ ಹೆಂಡತಿ ಮಳೆಯ ಸುದ್ದಿಯನ್ನು ಕದ್ದು ಕೇಳುವುದು! ಉಪ್ಪಿನ ಡಬ್ಬಿಗೆ ಬೆರಳು ಹಾಕಿ ಪಸೆ ನೋಡುತ್ತಿದ್ದಳು. ಹಪ್ಪಳ ಮುರಿದು ನೋಡುತ್ತಿದ್ದಳು. ಅಪ್ಪನನ್ನು ಕೇಳಿದರೆ ಅವರದು ಒಂದೇ ಉತ್ತರ: "ಚಾನ್ಸ್ ಐತಿ ಅನ್ನು. ಪಕ್ಕಾ ಬರ್ತೈತಿ ಅನ್ನಬ್ಯಾಡ, ಬರಂಗಿಲ್ಲ ಅಂತನೂ ಅನ್ನಬ್ಯಾಡ." ಅವ್ವನಿಗೆ ಸಿಟ್ಟು ಬರುತ್ತಿತ್ತು. "ನೀವು ಹಂಗ ಅಂದು ಪಾರಾಗ್ತೀರಿ. ನನ್ನ ಮಾತು ನಂಬಿ ಅವರು ಅರಿವಿ ಒಣಹಾಕ್ತಾರ್ರೀ!"

ಹೊರಗಿನವರಿಗೆ ಅಪ್ಪ ಬಿಗಿ ಮೋರೆಯ ಮನುಷ್ಯ. ಮನೆಯೊಳಗೆ ಅವರಷ್ಟು ಅಂತಃಕರಣದ ಗಂಡಸನ್ನು ನಾನು ನೋಡಿಲ್ಲ, ಇದನ್ನೂ ಹೇಳದಿದ್ದರೆ ನನ್ನ ನಾಲಿಗೆಗೆ ಹುಳ ಬೀಳಲಿ. ರವಿವಾರ ತಿಂಡಿಗೆ ತಾವೇ ಚುರಮರಿ ಸೂಸಲಾ ಮಾಡುತ್ತಿದ್ದರು, ನಮ್ಮೆಲ್ಲರ ಚಪ್ಪಲಿ ಬೂಟುಗಳನ್ನು ಸಾಲಾಗಿ ಇಟ್ಟುಕೊಂಡು ಪಾಲಿಶ್ ಮಾಡುತ್ತಿದ್ದರು. ದಾದರ್‌ನಿಂದ ಬರುವಾಗ ಅವ್ವನಿಗೆ ಮಲ್ಲಿಗೆ ತರುವುದನ್ನು ಮರೆತದ್ದೇ ಇಲ್ಲ. ನಾನು ವಿಲೆ ಪಾರ್ಲೆಯ ಕಾಲೇಜಿಗೆ ಹೋಗುತ್ತಿದ್ದ ವರ್ಷಗಳಲ್ಲಿ ಕೆಲವು ಸಂಜೆ ರಸ್ತೆಯ ಆಚೆ ಬದಿಗೆ ನಿಂತು, ನನಗೆ ಗೊತ್ತಾಗದಂತೆ ಸ್ಟೇಷನ್ನಿನವರೆಗೆ ಹಿಂದೆ ಬರುತ್ತಿದ್ದರಂತೆ. ಮನೆಗೆ ಬಂದ ಮೇಲೆ, "ಆ ಹಳದಿ ಚೂಡಿದಾರದ ಹುಡುಗಿ ಚಲೋ ಇದ್ದಾಳ, ಅಕಿ ಜೋಡಿ ಇರು," ಅನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಪ್ರೀತಿಯೋ ಪಹರೆಯೋ ಅವರಿಗೇ ಗೊತ್ತಾಗುತ್ತಿರಲಿಲ್ಲ ಅಂತ ಕಾಣುತ್ತದೆ.

ನಮ್ಮ ಬಾಗಿಲಿಗೆ ಮೂರು ಚಿಲಕ. ಮೇಲಿನದು, ನಡುವಿನದು, ಕೆಳಗಿನದು. ಅದೇ ಕ್ರಮದಲ್ಲಿ ಹಾಕಬೇಕು, ಹಗಲಿದ್ದರೂ ಹಾಕಬೇಕು. ಬೇರೆ ಮನೆಗಳ ಬಾಗಿಲು ದಿನವಿಡೀ ತೆರೆದಿರುತ್ತಿದ್ದವು. ಮಕ್ಕಳು ಒಂದು ಮನೆಯಲ್ಲಿ ಉಂಡು ಇನ್ನೊಂದರಲ್ಲಿ ನೀರು ಕುಡಿಯುತ್ತಿದ್ದರು. ನಮ್ಮ ಮನೆಗೆ ಮಾತ್ರ ಯಾರೂ ಬರುವ ಹಾಗಿಲ್ಲ. ಬಂದವರು ಏನಾದರೂ ಕೇಳುತ್ತಾರೆ, ಕೇಳಿದರೆ ಹೇಳಬೇಕಾಗುತ್ತದೆ, ಹೇಳಿದ್ದನ್ನು ನೆನಪಿಡಬೇಕಾಗುತ್ತದೆ, ಆದ್ದರಿಂದ ಬರುವುದೇ ಬೇಡ ಎಂಬುದು ಅಪ್ಪನ ಲೆಕ್ಕ. ಬಾಗಿಲ ಸಂದಿಯಲ್ಲಿ ನಿಂತು ಮಾತಾಡಿ ಕಳಿಸಿಬಿಡಬೇಕು.

ಅವ್ವನನ್ನು ಇದು ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಸಂಕ್ರಾಂತಿಯಲ್ಲಿ. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಬಿಲ್ಡಿಂಗಿನ ಹೆಣ್ಣುಮಕ್ಕಳು ಒಬ್ಬರಾದ ಮೇಲೆ ಒಬ್ಬರು ತಮ್ಮ ಮನೆಗೆ ಅರಿಶಿನ ಕುಂಕುಮಕ್ಕೆ ಕರೆಯುತ್ತಾರೆ. ಹೋದವರಿಗೆ ಎಳ್ಳುಂಡೆ ಕೊಟ್ಟು, ಒಂದು ಬಟ್ಟಲೋ ಡಬ್ಬಿಯೋ ಬಾಗಿನವಾಗಿ ಕೊಡುತ್ತಾರೆ. ಅವ್ವ ಎಲ್ಲರ ಮನೆಗೂ ಹೋಗುತ್ತಿದ್ದಳು, ತರುತ್ತಿದ್ದಳು. ವಾಪಸು ಕರೆಯುವ ಹಾಗಿಲ್ಲ. ನನ್ನ ಕೈಯಲ್ಲಿ ಸಕ್ಕರೆಯ ಕುಸರೆಳ್ಳು ಕೊಟ್ಟು ಮನೆಮನೆಗೆ ಕಳಿಸುತ್ತಿದ್ದಳು. ಅಡುಗೆಮನೆಯ ಮೇಲಿನ ಹಲಗೆಯ ತುಂಬ ಆ ಬಟ್ಟಲುಗಳು. "ಎಲ್ಲಾರದೂ ಉಂಡು ಬಾಯಿ ಒರಸಿಕೊಂಡು ಕುಂತಾಕಿ ಅಂತಾರ ನನ್ನ," ಅನ್ನುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ: ಒಂದು ಸಲ ತನ್ನ ಮನೆಯಲ್ಲಿ ಚಾಪೆ ಹಾಸಿ, ನಾಲ್ಕು ಹೆಣ್ಣುಮಕ್ಕಳನ್ನು ಕೂಡಿಸಿ, ಕುಂಕುಮ ಹಚ್ಚಿ, ಮನಸು ಬಿಚ್ಚಿ ಮಾತಾಡಬೇಕು. ಇದೇನು ಸಿಂಹಾಸನ ಕೇಳಿದಂತಾಯಿತೇ?

ಇನ್ನು ಅಂಗಿಗಳ ವಿಷಯ. ಅಪ್ಪ ಒಮ್ಮೊಮ್ಮೆ ವಾರಗಟ್ಟಲೆ ಕಾಣೆಯಾಗುತ್ತಿದ್ದರು. ಎಲ್ಲಿಗೆ ಅಂತ ಕೇಳುವಂತಿಲ್ಲ. ಆದರೆ ಹವಾಮಾನ ಆಫೀಸಿನವರು, ಅದೂ ಮನೆಯ ಹತ್ತಿರವೇ ಆಫೀಸು ಇದ್ದವರು, ವಾರಗಟ್ಟಲೆ ಎಲ್ಲಿ ಹೋಗುತ್ತಾರೆ? ಅದಕ್ಕೂ ಅಪ್ಪ ಉಪಾಯ ಮಾಡಿಟ್ಟಿದ್ದರು. ಕಿಟಕಿಯ ಹೊರಗೆ ಬಟ್ಟೆ ಒಣಹಾಕುವ ತಂತಿ, ಅದು ಇಡೀ ಕಾಂಪೌಂಡಿಗೆ ಕಾಣುತ್ತದೆ. "ನಾ ಇಲ್ಲದಾಗ ದಿನಾ ಬಿಟ್ಟು ದಿನಾ ನನ್ನ ಅಂಗಿ ತಂತಿ ಮ್ಯಾಲೆ ಇರಬೇಕು," ಅಂತ ಹೇಳಿ ಹೋಗುತ್ತಿದ್ದರು. ಅವ್ವ ಕಪಾಟಿನಿಂದ ಇಸ್ತ್ರಿ ಮಾಡಿಟ್ಟ ಅಂಗಿ ತೆಗೆದು, ನೀರಿಗೆ ಅದ್ದಿ, ಹಿಂಡಿ ಹರವುತ್ತಿದ್ದಳು. ಯಾರೂ ತೊಡದ ಅಂಗಿಗೆ ಸಾಬೂನು ಯಾಕೆ ದಂಡ ಅಂತ ಬರೀ ನೀರು. ತಂತಿಯ ಮೇಲೆ ಅಂಗಿ ಇದೆ ಅಂದರೆ ಮನೆಯಲ್ಲಿ ಗಂಡಸಿದ್ದಾನೆ. ಅಪ್ಪನಿಗೆ ಈ ಉಪಾಯದ ಬಗ್ಗೆ ಒಳಗೊಳಗೇ ಹೆಮ್ಮೆ ಇತ್ತು, ನನಗೆ ಗೊತ್ತು.

ನಾನು ಸಣ್ಣ ಶಾಲೆಯಲ್ಲಿದ್ದಾಗ, ಅಂಥದೇ ಒಂದು ಸಲ, ಅಪ್ಪ ಇಲ್ಲದಾಗ, ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಧಾರವಾಡದಿಂದ ಸೋದರಮಾವನ ಫೋನ್ ಬಂತು. ಅವ್ವನ ಅವ್ವ, ನನ್ನ ಅಜ್ಜಿ, ಹೋಗಿಬಿಟ್ಟಿದ್ದಳು. ಅವ್ವ ಫೋನ್ ಇಟ್ಟು ಅಪ್ಪ ಕೊಟ್ಟಿದ್ದ ಆಫೀಸಿನ ನಂಬರಿಗೆ ಹಚ್ಚಿದಳು. ಆ ಕಡೆಯಿಂದ ಯಾರೋ, "ಮೆಸೇಜ್ ಪಹುಂಚಾ ದೇಂಗೇ," ಅಂದು ಇಟ್ಟರು. ಅಷ್ಟೇ. ಯಾವಾಗ ಮುಟ್ಟಿಸುತ್ತಾರೆ, ಎಲ್ಲಿಗೆ ಮುಟ್ಟಿಸುತ್ತಾರೆ, ಒಂದೂ ಇಲ್ಲ.

ಹೊರಟುಬಿಡಬಹುದಿತ್ತು ಅಂತ ನೀವು ಅನ್ನಬಹುದು. ಬಸ್ಸಿತ್ತು, ಕೈಯಲ್ಲಿ ಹಣವಿತ್ತು. ಆದರೆ ಚೀಲ ಹಿಡಿದು ಮಗಳ ಕೈ ಹಿಡಿದು ಮೆಟ್ಟಿಲಿಳಿದರೆ ಎದುರುಮನೆಯ ಕಾಕೂ ಕೇಳುತ್ತಿದ್ದರು, ಎಲ್ಲಿಗೆ, ಯಾಕೆ ಅಂತ. ತಾಯಿ ಸತ್ತಳು ಅಂದರೆ, ಯಜಮಾನರು ಎಲ್ಲಿ, ಅತ್ತೆಯ ಮಣ್ಣಿಗೆ ಅಳಿಯ ಬರುವುದಿಲ್ಲವೇ, ಆಫೀಸು ಇಲ್ಲೇ ಇದೆಯಲ್ಲ, ನಮ್ಮವರು ಓಡಿಹೋಗಿ ಕರೆತರುತ್ತಾರೆ, ಅನ್ನುತ್ತಿದ್ದರು. ಒಳ್ಳೆಯ ಜನ, ಖಂಡಿತ ಓಡುತ್ತಿದ್ದರು. ಅದೇ ಭಯ. ಅವ್ವ ಬಾಗಿಲ ಹತ್ತಿರ ಹೋದಳು, ಮೇಲಿನ ಚಿಲಕ ತೆಗೆದಳು, ನಿಂತಳು, ಮತ್ತೆ ಹಾಕಿದಳು.

ಆಮೇಲೆ ತಲೆಯ ಮೇಲೆ ನೀರು ಹಾಕಿಕೊಂಡು ಬಂದಳು. ಕೂದಲಿನಿಂದ ನೀರಿಳಿಯುತ್ತಿದ್ದಂತೆಯೇ ಕಪಾಟು ತೆಗೆದು ಅಪ್ಪನ ಬಿಳಿ ಅಂಗಿ ಹೊರತೆಗೆದಳು. ಅಂದು ಅಂಗಿಯ ದಿನ. ಅದ್ದಿದಳು, ಹಿಂಡಿದಳು, ಕಿಟಕಿಯಿಂದ ಕೈಚಾಚಿ ತಂತಿಗೆ ಹಾಕಿದಳು. ಹೊರಗೆ ಧೋ ಅಂತ ಮಳೆ. ಇಡೀ ಬಿಲ್ಡಿಂಗಿನ ತಂತಿಗಳೆಲ್ಲ ಬರಿದು, ನಮ್ಮದೊಂದರ ಮೇಲೆ ಅಂಗಿ ತೋಯುತ್ತ ನೇತಾಡುತ್ತಿತ್ತು. "ಅವ್ವಾ, ಮಳಿ ಬರಾಕತ್ತೈತಿ," ಅಂದೆ. "ಸುಮ್ನ ಕೂಡು," ಅಂದಳು. ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಬಾಯಿಗೆ ಸೆರಗು ತುರುಕಿದರೂ ಅಳು ನಿಲ್ಲುವುದಿಲ್ಲ, ಅದು ಮೂಗಿನಿಂದ, ಗಂಟಲಿನಿಂದ ಹೊರಗೆ ಬರುತ್ತದೆ. ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲು ಬಡಿದರು. ಎದುರುಮನೆಯ ಕಾಕೂ. ಅವರು ಬೆಳಗಾವಿ ಕಡೆಯವರು, ಮನೆಮಾತು ಮರಾಠಿ, ಕನ್ನಡವೂ ಚೆನ್ನಾಗಿ ಬರುತ್ತಿತ್ತು, ಅವ್ವನನ್ನು ವಹಿನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದರು. "ವಹಿನೀ," ಅಂದರು ಹೊರಗಿನಿಂದ. ಅವ್ವ ಉಸಿರು ಹಿಡಿದಳು. "ವಹಿನೀ, ಮಳಿ ನಿಲ್ತೈತೇನ್ರೀ ಇವತ್ತ?"

ಅವ್ವ ಕಣ್ಣು ಒರೆಸಿಕೊಂಡು, ದನಿ ಸರಿಮಾಡಿಕೊಂಡು, ಬಾಗಿಲು ತೆಗೆಯದೆ ಒಳಗಿನಿಂದಲೇ ಅಂದಳು: "ಹೌದ್ರೀ ಕಾಕೂ. ಸಂಜಿಗೆ ನಿಲ್ತೈತಿ."

ಕಾಕೂ ತುಸು ಹೊತ್ತು ಅಲ್ಲೇ ಇದ್ದರು, ಮತ್ತೆ ಹೆಜ್ಜೆ ಸದ್ದು ಕೇಳಿತು. ನನಗೆ ಆ ಹೆಂಗಸಿನ ಮೇಲೆ ಎಂಥ ಸಿಟ್ಟು ಬಂತೆಂದರೆ! ಇಲ್ಲಿ ನನ್ನ ಅಜ್ಜಿ ಸತ್ತಿದ್ದಾಳೆ, ಇವಳಿಗೆ ಮಳೆಯ ಚಿಂತೆ. ಅಂದಿನಿಂದ ಎಷ್ಟೋ ವರ್ಷ ನಾನು ಕಾಕೂ ಎದುರಿಗೆ ಬಂದರೆ ಮೋರೆ ತಿರುಗಿಸುತ್ತಿದ್ದೆ.

ಅಪ್ಪ ಬಂದದ್ದು ಎಲ್ಲ ಮುಗಿದ ಮೇಲೆ. ಸುದ್ದಿ ಕೇಳಿ ಕೈಯಲ್ಲಿದ್ದ ಚೀಲ ಕೆಳಗಿಡದೆ ನಿಂತರು, ಆಮೇಲೆ ಸ್ನಾನಕ್ಕೆ ಹೋದರು. ಅಂದು ಊಟ ಮಾಡಲಿಲ್ಲ. ಮರುದಿನವೇ ನಮ್ಮನ್ನು ಧಾರವಾಡಕ್ಕೆ ಕರೆದುಕೊಂಡು ಹೋದರು. ಎಲ್ಲಿದ್ದಿರಿ ಅಂತ ಅವ್ವ ಕೇಳಲಿಲ್ಲ, ಕೇಳಬಾರದು ಅನ್ನುವುದನ್ನು ಮದುವೆಯಾದ ಹೊಸದರಲ್ಲೇ ಕಲಿತಿದ್ದಳು.

ನಿವೃತ್ತಿಯಾದ ಮೇಲಾದರೂ ಚಿಲಕ ಸಡಿಲವಾಗುತ್ತದೆ ಅಂತ ನಾನು ತಿಳಿದಿದ್ದೆ. ಅಷ್ಟರಲ್ಲಿ ನಾನು ಮದುವೆಯಾಗಿ ವಿಲೆ ಪಾರ್ಲೆಗೆ ಹೋಗಿದ್ದೆ, ಎರಡು ದಿನಕ್ಕೊಮ್ಮೆ ಬಂದು ಹೋಗುತ್ತಿದ್ದೆ. ಕೆಲಸ ಬಿಟ್ಟ ಅಪ್ಪ ದಿನವಿಡೀ ಬಾಗಿಲ ಕಡೆ ಮುಖ ಮಾಡಿಕೊಂಡು ಕುರ್ಚಿಯಲ್ಲಿ ಕೂಡುತ್ತಿದ್ದರು. ಉಡುಪಿ ಹೋಟೆಲಿಗೆ ಕರೆದುಕೊಂಡು ಹೋದರೂ ಗೋಡೆಗೆ ಬೆನ್ನು ಹಚ್ಚಿ, ದೋಸೆ ಮುರಿಯುತ್ತ ಬಂದುಹೋಗುವವರನ್ನು ನೋಡುವುದೇ. ಗೆಳೆಯರಿಲ್ಲ, ಹರಟೆಯಿಲ್ಲ. ಬೇರೆಯವರ ಅಪ್ಪಂದಿರು ತಮ್ಮ ಸರ್ವಿಸಿನ ಕಥೆ ಹೇಳಿ ಹೇಳಿ ತಲೆ ತಿನ್ನುತ್ತಾರೆ. ನಮ್ಮಪ್ಪನ ಹತ್ತಿರ ಹೇಳಬಹುದಾದ ಒಂದು ಕಥೆಯೂ ಇರಲಿಲ್ಲ. ಮುಂದೆ ಅವರು ತೀರಿಕೊಂಡಾಗ ನಮಗೆ ಪರಿಚಯವಿಲ್ಲದ ನಾಲ್ಕಾರು ಗಂಡಸರು ಬಂದು ಕುಳಿತಿದ್ದರು. "ಬಹುತ್ ಅಚ್ಛೇ ಆದ್ಮೀ ಥೇ," ಅಂದರು. ನಾನು ಒಬ್ಬರನ್ನು ಹಿಡಿದು, ಅಪ್ಪನ ಕೆಲಸದ ಬಗ್ಗೆ ಏನಾದರೂ ಹೇಳಿ ಅಂದೆ. ಅವರು ಚಹಾದ ಕಪ್ಪಿನೊಳಗೆ ನೋಡಿ, "ಬೇಟಾ, ಚಾಯ್ ಬಹುತ್ ಅಚ್ಛೀ ಬನೀ ಹೈ," ಅಂದರು. ಹಣೆಬರಹ!

ಇರಲಿ. ನಿವೃತ್ತಿಯ ಮೊದಲ ಸಂಕ್ರಾಂತಿಗೆ ಅವ್ವ ಕೇಳಿದಳು. "ಈ ವರ್ಷ ಬ್ಯಾಡ," ಅಂದರು ಅಪ್ಪ. ಮುಂದಿನ ವರ್ಷ, "ನೋಡೂಣು." ಅದರ ಮುಂದಿನ ವರ್ಷವೂ ನೋಡೋಣವೇ. ಕೊನೆಗೊಂದು ಸಲ ಅವ್ವ ಕೇಳುವುದನ್ನೇ ಬಿಟ್ಟಳು. ನನ್ನನ್ನು ಎಳೆದುಕೊಂಡು ದಾದರ್‌ಗೆ ಹೋಗಿ ಸ್ಟೀಲ್ ಬಟ್ಟಲು ತಂದಳು, ಬಾಗಿಲು ಬಾಗಿಲಿಗೆ ತಾನೇ ಹೋಗಿ ಕರೆದು ಬಂದಳು, ಆಮೇಲೆ ಅಪ್ಪನ ಮುಂದೆ ನಿಂತು, "ಕರದು ಬಂದೇನಿ," ಅಂದಳು. ಅಪ್ಪ ಪೇಪರ್ ಇಳಿಸಿ ನೋಡಿದರು. ಮತ್ತೆ ಪೇಪರ್ ಎತ್ತಿದರು. ಆದರೆ ಆ ದಿನ ಮಧ್ಯಾಹ್ನ ನೋಡಬೇಕಿತ್ತು ಅವರ ಸಡಗರವನ್ನು! ಗೋಡೆಯ ಮೇಲಿನ ಕ್ಯಾಲೆಂಡರ್ ತಿರುಗಿಸಿ ಹಾಕಿದರು. ಮೇಜಿನ ಮೇಲಿನ ಕಾಗದ ಪತ್ರ ಒಳಗಿಟ್ಟರು. ಯಾರು ಎಲ್ಲಿ ಕೂಡಬೇಕು, ಯಾವ ಕಡೆ ಮುಖ ಮಾಡಬೇಕು ಅಂತ ನನಗೆ ಹೇಳಿಕೊಟ್ಟರು. ಮಂತ್ರಿಗಳು ಬರುತ್ತಾರೇನೋ ಅನ್ನಬೇಕು. ಹೆಂಗಸರು ಬರುವ ಹೊತ್ತಿಗೆ ಒಳಕೋಣೆಗೆ ಹೋಗಿ ಪರದೆಯ ಹಿಂದೆ ಕುಳಿತರು.

ಅವ್ವ ಇಳಕಲ್ ಸೀರೆ ಉಟ್ಟಿದ್ದಳು. ಬಂದವರು ಮೊದಲು ಮನೆಯನ್ನು ನೋಡಿದರು. ಇಷ್ಟು ವರ್ಷ ಗೋಡೆಯಾಚೆ ಇದ್ದೂ ಕಾಣದ ಮನೆ. "ಅಯ್ಯ, ನಮ್ಮ ಮನೆಯಂಥದ್ದೇ ಇದೆಯಲ್ಲ!" ಅಂದಳು ಪಕ್ಕದ ಮನೆಯ ಗುಜರಾತಿ ಬೆನ್, ಹಿಂದಿಯಲ್ಲಿ. ಎಲ್ಲರೂ ನಕ್ಕರು. ಅವ್ವ ಅರಿಶಿನ ಹಚ್ಚಿದಳು, ಕುಂಕುಮ ಹಚ್ಚಿದಳು. ಎಲ್ಲರೂ ಕುಳಿತ ಮೇಲೆ, ಎಷ್ಟೋ ವರ್ಷದಿಂದ ಮನಸು ಬಿಚ್ಚಬೇಕು ಅಂದವಳಿಗೆ ಒಂದು ಮಾತೂ ಹೊರಡಲಿಲ್ಲ. ಕೊನೆಗೆ ಅಂದಳು, "ಈ ಸಲ ಮಳಿ ಲಗೂ ಬರ್ತೈತಿ ಅನಸ್ತೈತಿ." ಅಯ್ಯೋ, ಸಂಕ್ರಾಂತಿಯಲ್ಲಿ ಮಳೆಯ ಮಾತು!

ಕಾಕೂ ಅವ್ವನ ಕೈ ಹಿಡಿದುಕೊಂಡರು. ಅವರಿಗೂ ಕೂದಲು ಪೂರ್ತಿ ಬೆಳ್ಳಗಾಗಿತ್ತು. "ಸಾಕ್ರೀ ವಹಿನಿ ಮಳಿ ಮಾತು," ಅಂದರು. "ಭಾವಜಿ ರಿಟೈರ್ ಆಗ್ಯಾರ. ಇನ್ನರ ಬ್ಯಾರೆ ಮಾತಾಡೂಣು. ನಮಗ ಗೊತ್ತೈತ್ರೀ, ಆವಾಗಿಂದ ಗೊತ್ತೈತಿ."

"ಏನ್ ಗೊತ್ತೈತಿ?" ಅಂದಳು ಅವ್ವ.

"ಅವರು ಯಾವ ಖಾತೆಯವರಂತ. ನಮ್ಮವರು ಏರ್‌ಪೋರ್ಟ್‌ನಾಗ ಇದ್ರಲ್ಲ, ಹವಾಮಾನ ಆಫೀಸಿನಾಗ ಕೇಳಿದ್ರ ಅಂಥವ್ರು ಯಾರೂ ಇಲ್ಲ ಅಂದ್ರಂತ. ಮೊದಲ ನಾವು, ಸುಳ್ಳ್ಯಾಕ ಹೇಳಲಿ, ಎಲ್ಲ್ಯರ ಎರಡನೇ ಸಂಸಾರ ಐತೇನೋ ಅಂತ ನಿಮ್ಮ ಸಲುವಾಗಿ ಮರುಗಿದ್ವಿ. ಆಮ್ಯಾಲೆ ಒಮ್ಮೆ ನಮ್ಮವರು ಅಲ್ಲೇ ಒಳಗ ಗುಪ್ತಚರ ಖಾತೇದ ದೊಡ್ಡ ಆಫೀಸರ್ ಜೋಡಿ ಭಾವಜಿನ ನೋಡಿದ್ರು. ಮನಿಗೆ ಬಂದು, ಆ ಮನಿ ವಹಿನಿಗೆ ಏನೂ ಕೇಳಿ ತ್ರಾಸ ಕೊಡಬ್ಯಾಡ್ರಿ ಅಂದ್ರು."

ಗುಜರಾತಿ ಬೆನ್ ಬಾಯಿ ಹಾಕಿದಳು. ಅಂಗಿಗಳನ್ನು ನೋಡಿ ತನಗೆ ಅದಕ್ಕೂ ಮೊದಲೇ ಅನುಮಾನವಿತ್ತಂತೆ. ತೊಟ್ಟ ಅಂಗಿ ಒಗೆದರೆ ಕಾಲರ್ ತಿಕ್ಕಿದ್ದು ಕಾಣುತ್ತದೆ, ನಿಮ್ಮ ಅಂಗಿಗೆ ಇಸ್ತ್ರಿಯ ಗೆರೆ ಒದ್ದೆಯಲ್ಲೂ ಹಾಗೇ ಇರುತ್ತಿತ್ತು ಅಂದಳು. "ಮತ್ತೆ ಭಾಭೀ, ಹವಾಮಾನ ಆಫೀಸಿನವರ ಮನೆಯವರು ಜಡಿಮಳೆಯಲ್ಲಿ ಅಂಗಿ ಒಣಹಾಕುತ್ತಾರಾ?" ಮತ್ತೆ ನಗು. ನಾನೂ ನಕ್ಕುಬಿಟ್ಟೆ. ಅವ್ವ ನಗಲಿಲ್ಲ.

"ಯಾವ ಮಳ್ಯಾಗ?" ಅಂದಳು.

ಕಾಕೂ ಮಾತ್ರ ನಗುವುದನ್ನು ನಿಲ್ಲಿಸಿದರು. "ನೀವು ಅಳಾಕತ್ತಿದ್ರಲ್ಲ, ಆವತ್ತು. ನಮ್ಮನಿಗೆ ಕೇಳಸ್ತು. ನಾವು ನಾಕು ಮಂದಿ ಹೆಣ್ಣಮಕ್ಕಳು ಬಾಗಲದ ಹೊರಗ ನಿಂತಿದ್ವಿ. ಏನಂತ ಕೇಳಬೇಕು? ಯಾಕ ಅಳ್ತೀರಿ ಅಂದ್ರ ನೀವು ಸುಳ್ಳು ಹೇಳಬೇಕಾಗ್ತೈತಿ. ಭಾವಜಿ ಎಲ್ಲಿ ಅಂದ್ರ ಮತ್ತೊಂದು ಸುಳ್ಳು. ಅದಕ್ಕ ಮಳಿ ಕೇಳಿದೆ. ಮಳೀದು ಕೇಳಿದ್ರ ನಿಮಗ ತ್ರಾಸ ಇಲ್ಲ ಅಂತ ನಾವೆಲ್ಲಾರೂ ಮಾತಾಡಿಕೊಂಡಿದ್ವಿ. ಬಾಗಲಾ ತಗೀತೀರಿ ಅಂತ ಭಾಳ ಹೊತ್ತು ನಿಂತಿದ್ವಿ, ವಹಿನಿ."

ಅವ್ವ ಬಟ್ಟಲು ಹಂಚಿದಳು. ಎಲ್ಲರನ್ನೂ ಬಾಗಿಲವರೆಗೆ ಕಳಿಸಿಕೊಟ್ಟು ಬಂದಳು. ನನ್ನ ಮೋರೆ ಸುಡುತ್ತಿತ್ತು, ಕಾಕೂನ ಕಾಲಿಗೆ ಬೀಳಬೇಕೆನಿಸಿತು, ಬೀಳಲಿಲ್ಲ. ಬಾಗಿಲು ತೆರೆದೇ ಇತ್ತು. ಅಪ್ಪ ಪರದೆ ಸರಿಸಿ ಹೊರಗೆ ಬಂದರು, ಕುರ್ಚಿಯ ಮೇಲೆ ಕುಳಿತರು. ಎಲ್ಲ ಕೇಳಿಸಿಕೊಂಡಿದ್ದರು. ಅಷ್ಟು ವಯಸ್ಸಾದದ್ದು ನನಗೆ ಆಗಲೇ ಕಂಡದ್ದು.

"ಯಾರ್ಯಾರಿಗೆ ಗೊತ್ತಿತ್ತಂತ?" ಅಂದರು.

ಅವ್ವನ ಕೈಯಲ್ಲಿದ್ದ ತಟ್ಟೆ ನೆಲಕ್ಕೆ ಬಿತ್ತೋ ಅವಳೇ ಒಗೆದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಕುಸರೆಳ್ಳು ಮನೆ ತುಂಬ ಚೆಲ್ಲಿತು. "ಹೆಸರು ಬೇಕೇನ್ರೀ ನಿಮಗ? ಹೆಸರು? ಹಾಲಿನಾವಗ ಗೊತ್ತಿತ್ತು. ವಾಚ್‌ಮನ್‌ಗ ಗೊತ್ತಿತ್ತು. ಇಸ್ತ್ರಿಯವಗ ಗೊತ್ತಿತ್ತು. ಇಡೀ ಬಿಲ್ಡಿಂಗಿಗೆ ಗೊತ್ತಿತ್ತು. ಅವರಿಗೆಲ್ಲಾ ಗೊತ್ತೈತಿ ಅಂತ ಗೊತ್ತಿರಲಾರದವ್ರು ಇಬ್ಬರಽ. ನೀವು, ನಾನು. ನಮ್ಮವ್ವ ಸತ್ತಾಗ ಅವರು ಬಾಗಲದಾಗ ನಿಂತಿದ್ರು, ನಾ ಒಳಗಿಂದ ಮಳಿ ವರದಿ ಕೊಟ್ಟೆ. ತಾಯಿ ಸತ್ತಾಳಂತ ಒಬ್ಬಾಕಿ ಕೊರಳಿಗೆ ಬಿದ್ದು ಅಳಲಿಲ್ಲ ನಾನು. ಯಾರ ಸಲುವಾಗಿ?"

ಅಪ್ಪ ತಲೆ ಎತ್ತಿ ಅವ್ವನನ್ನು ನೋಡಿದರು. ಕಣ್ಣು ತುಂಬಿದ್ದವು. "ನಾ ಆವಾಗ ಎಲ್ಲಿದ್ದೆ ಅಂತ ಹೇಳಾಕ ಬರಂಗಿಲ್ಲ ನನಗ," ಅಂದರು.

"ನಾ ಕೇಳಿದೆನೇನ್ರೀ? ಇಷ್ಟ ವರ್ಷದಾಗ ಒಮ್ಮೆರ ಕೇಳೇನೇನು? ನೀವು ಎಲ್ಲೆರ ಇರ್ರಿ. ನಾ ಎಲ್ಲಿದ್ದೆ ಅಂತ ನೀವು ಕೇಳ್ರಿ. ಒಮ್ಮೆ ಕೇಳ್ರಿ."

ಅಪ್ಪ ನನ್ನ ಮುಖ ನೋಡಿದರು. ಎಷ್ಟು ಜನರನ್ನು ಎಷ್ಟು ಪ್ರಶ್ನೆ ಕೇಳಿದ್ದರೋ ಆ ಮನುಷ್ಯ, ಇದೊಂದನ್ನು ಇದುವರೆಗೆ ಕೇಳಿರಲಿಲ್ಲ. "ಎಲ್ಲಿದ್ದಿ?" ಅಂದರು.

"ಇಲ್ಲೇ," ಅಂದಳು ಅವ್ವ. "ಇಲ್ಲೇ ಇದ್ದೆ."

ಅಷ್ಟೇ ಹೇಳಿದಳು. ಬಗ್ಗಿ ಕುಸರೆಳ್ಳು ಬಳಿದು ತಟ್ಟೆಗೆ ಹಾಕಿದಳು, ತಟ್ಟೆ ಮೇಜಿನ ಮೇಲಿಟ್ಟಳು. ದೀಪ ಹಚ್ಚುವ ಹೊತ್ತಾಗಿತ್ತು. ಕಣ್ಣು ಒರೆಸಿಕೊಳ್ಳುತ್ತ ಬಾಗಿಲಿಗೆ ಹೋದಳು. ಎದುರುಮನೆಯ ಬಾಗಿಲು ತೆರೆದಿತ್ತು, ಒಳಗೆ ಕಾಕೂ ಬಟ್ಟಲನ್ನು ಯಾರಿಗೋ ತೋರಿಸುತ್ತಿದ್ದದ್ದು ಕಾಣುತ್ತಿತ್ತು. ಅವ್ವ ಬಾಗಿಲು ಮುಂದೂಡಿ ಮೇಲಿನ ಚಿಲಕ ಹಾಕಿದಳು, ನಡುವಿನದು ಹಾಕಿದಳು.

"ಇರಲಿ ಬಿಡು," ಅಂದರು ಅಪ್ಪ ಕುರ್ಚಿಯಿಂದ ಏಳುತ್ತ. "ತೆರದಽ ಇರಲಿ."

ಅಷ್ಟರಲ್ಲಿ ಅವ್ವನ ಕೈ ಕೆಳಗಿನದನ್ನೂ ಹಾಕಿಬಿಟ್ಟಿತ್ತು.